ಉಪ್ಪು ತಿಂದ ಕಾರು

ಮೇ ತಿಂಗಳ ಮೊದಲ ಶನಿವಾರ. ಕುಹ್ಮೊ ಊರಿನಲ್ಲಿ
ಹಿಮವೆಲ್ಲ ಕರಗಿ, ಶೆಡ್ಡಿನ ಬಡಗಣ ಮೂಲೆಯಲ್ಲಿ
ಒಂದೇ ಒಂದು ಕೊಳಕು ಗುಡ್ಡೆ ಉಳಿದಿದೆ,
ಎಲೆಅಡಿಕೆ ಕೊಟ್ಟ ಮೇಲೂ ಏಳದ ನೆಂಟನ ಹಾಗೆ.

ತೈಮಿ ನಲ್ಲಿಗೆ ಪೈಪು ಸಿಕ್ಕಿಸಿದಳು.
ಆರು ತಿಂಗಳು ಉಪ್ಪು ತಿಂದಿದೆ ಕಾರು,
ನೀರು ಕುಡಿಯಲೇಬೇಕು.

ಮೊದಲು ಹೊಟ್ಟೆಯಡಿ.
ಬೆನ್ನು ತೊಳೆಯುವುದು ನೆರೆಮನೆಯವರಿಗಾಗಿ,
ಹೊಟ್ಟೆ ತೊಳೆಯುವುದು ಕಾರಿಗಾಗಿ, ಅನ್ನುತ್ತಾಳೆ.
ಚಕ್ರದ ಕಮಾನಿನೊಳಗೆ ಕೈಹಾಕಿ
ಬೊಗಸೆ ಬೊಗಸೆ ಕೆಸರು ತೆಗೆದಳು:
ಪುರಸಭೆಯವರು ಚೆಲ್ಲಿದ ಜಲ್ಲಿ, ಪೈನ್ ಮರದ ಸೂಜಿ,
ಯಾರದೋ ಕೋಟಿನ ಗುಂಡಿ.
ಮೊಳೆಟೈರುಗಳನ್ನು ಬಿಚ್ಚಿ ಒರಗಿಸಿ
ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದಳು,
ಮುಂದೆ ಎಡ, ಹಿಂದೆ ಬಲ,
ಅಕ್ಟೋಬರಿನ ತನಗೆ ಒಂದು ಚೀಟಿ.

ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವಳ ಕಸುಬು.
ಆದ್ದರಿಂದ ತುಕ್ಕನ್ನು ಹುಡುಕುವುದೂ ಕಿವಿಯಿಂದಲೇ.
ಸ್ಕ್ರೂಡ್ರೈವರಿನ ಹಿಡಿಯಲ್ಲಿ ಬಾಗಿಲಡಿಯ ತಗಡು ಬಡಿಯುತ್ತ ನಡೆದಳು,
ಸಂತೆಯಲ್ಲಿ ಮಡಕೆ ಕೊಳ್ಳುವವರಂತೆ.
ಟಣ್. ಟಣ್. ಟಣ್.
ಹಿಂಬಾಗಿಲ ಕೆಳಗೆ, ಟಪ್.
ಅಲ್ಲೊಂದು ಸುತ್ತು ಗೆರೆ ಎಳೆದಳು.

ಕಾಲೊರಸುಗಳ ಮೇಲೆ ಉಪ್ಪಿನ ಬಿಳಿ ನಕ್ಷೆ.
ವಿನಿಗರ್ ಬೆರೆಸಿದ ಬಿಸಿನೀರಲ್ಲಿ ಉಜ್ಜಿದರೆ
ಒಂದೊಂದೇ ದ್ವೀಪ ಮುಳುಗಿತು.
ಅಂಗಳಕ್ಕೆಲ್ಲ ಸೌತೆ ಉಪ್ಪಿನಕಾಯಿಯ ವಾಸನೆ.

ಇನ್ನು ಏರ್ ಫಿಲ್ಟರ್. ನಾಲ್ಕು ಕೊಕ್ಕೆ.
ಬೆನ್ನುನೋವೆಂದು ಹದಿನೈದು ದಿನ ಕಾರು ತೆಗೆದಿರಲಿಲ್ಲ.
ನಾಲ್ಕನೆಯ ಕೊಕ್ಕೆ ಬಿಚ್ಚಿ ಮುಚ್ಚಳ ಎತ್ತಿದರೆ
ಒಳಗೆ ಕೆಂಪು.

ಇಂಥಲ್ಲಿ ಕೆಂಪಿಗೇನು ಕೆಲಸ?
ಬಗ್ಗಿದಳು. ಹಿಂಜಿ ಹಿಂಜಿ ಹತ್ತಿಯಂತೆ ಮಾಡಿದ ಉಣ್ಣೆಪಟ್ಟಿ,
ಕೀಲಿಮಣೆಯಡಿ ಹಾಸುವುದು, ಜರ್ಮನಿಯಿಂದ ತರಿಸಿದ್ದು.
ಅದರ ನಡುವೆ ಐದೋ ಆರೋ ಇಲಿಮರಿ,
ಕಣ್ಣಿಲ್ಲ, ಕೂದಲಿಲ್ಲ, ಹಸುಗೂಸಿನ ವಸಡಿನ ಬಣ್ಣ.

(ವಾಹನದೊಳಗೊಂದು ವಾಹನ ಎಂದು ನಗುವುದಕ್ಕೆ
ಈ ಊರಲ್ಲಿ ಗಣಪನನ್ನು ಬಲ್ಲವರಿಲ್ಲ.)

ಎರಡು ಮೀಟರು ಇತ್ತು ಆ ಪಟ್ಟಿ.
ಜನವರಿಯಲ್ಲಿ, ಮೈನಸ್ ಮೂವತ್ತರ ಬೆಳಿಗ್ಗೆ,
ಶಾಲೆಯ ಪಿಯಾನೊ ಬಿಚ್ಚಿಟ್ಟು ಚೀಲ ತಡಕಿದಾಗ ಇರಲಿಲ್ಲ.
ವಾಪಸು ಬರುವ ದಾರಿಯಲ್ಲಿ, ಇದೇ ಕಾರಿನಲ್ಲಿ,
ಕೆಲಸ ಕಲಿಯಲು ಬಂದಿದ್ದ ಹುಡುಗ ಉರ್ಹೊನನ್ನು ಕೇಳಿದ್ದಳು:
"ಎರಡು ಮೀಟರು ಉಣ್ಣೆ
ತಾನಾಗಿ ಕಾಲು ಬಂದು ನಡೆದುಹೋಯಿತೇನು?"

ನಡೆದೇ ಹೋಗಿತ್ತು. ನಾಲ್ಕು ಕಾಲು ಬಂದು,
ಡಿಕ್ಕಿಯಿಂದ ಎಂಜಿನ್ನಿನವರೆಗೆ, ಎಳೆ ಎಳೆಯಾಗಿ.

ಹುಡುಗ ಏನೂ ಅನ್ನಲಿಲ್ಲ.
ಶ್ರುತಿಕವೆಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಬಸ್‌ಸ್ಟಾಪಿನಲ್ಲಿ ಇಳಿದ.
ಬಾಗಿಲನ್ನು ಮೆಲ್ಲಗೆ ಹಾಕಿದ.
ದಢಾರನೆ ಹಾಕಿದ್ದರೆ
ಇವತ್ತು ಎಷ್ಟೋ ಸಲೀಸಾಗುತ್ತಿತ್ತು.

ತೈಮಿ ಮುಚ್ಚಳ ಮುಚ್ಚಿದಳು, ಕೊಕ್ಕೆ ಹಾಕಲಿಲ್ಲ.
ವ್ಯಾಕ್ಸ್ ಡಬ್ಬಿ ಒಡೆಯದೆ ಮೆಟ್ಟಿಲ ಮೇಲೇ ಉಳಿಯಿತು.
ಸೋಮವಾರದ ಎರಡು ಮನೆಗಳಿಗೆ ಸೈಕಲ್ಲಿನಲ್ಲಿ ಹೋದರಾಯಿತು,
ಅವಕ್ಕೆ ಕಣ್ಣು ಬರಲಿ.

ಪೈಪು ಇನ್ನೂ ಹರಿಯುತ್ತಿತ್ತು, ಅಂಗಳವೆಲ್ಲ ಕೆಸರು.
ನಲ್ಲಿ ನಿಲ್ಲಿಸುವ ಮೊದಲು
ಪೈಪಿಗೇ ಬಾಯಿಟ್ಟು ಕುಡಿದಳು,
ಹಲ್ಲು ಜುಮ್ಮೆನ್ನುವ ತಣ್ಣೀರು.

ನಂಬರು ಅಳಿಸಿರಲಿಲ್ಲ.
"ನಾನು, ತೈಮಿ," ಅಂದಳು. "ಇಲಿ."
ಅದಕ್ಕಿಂತ ಮುಂದೆ ಮಾತು ಹೊರಡಲಿಲ್ಲ.
ಆ ಕಡೆ ಯಾವುದೋ ಮಿಲ್ಲಿನ ಗರಗಸ ಓಡುತ್ತಿತ್ತು,
ಎತ್ತರದ ಶ್ರುತಿ, ಕೂದಲೆಳೆಯಷ್ಟು ಹೆಚ್ಚೇ,
ಅಭ್ಯಾಸಬಲದಿಂದ ಗುರುತಿಸಿದಳು.
ಆಮೇಲೆ ಅದೂ ನಿಂತಿತು.